ಚುಕ್ಕಿ ನಿಂತುಬಿಟ್ಟರೆ? ಗ್ಲೈಡರ್ ಹಾರಿಸುವವರನ್ನು ಉಪಗ್ರಹದ ಮೂಲಕ ಹಿಂಬಾಲಿಸುವುದು ಹೇಗೆ

ಮಗಳು ಸ್ವಿಟ್ಜರ್ಲೆಂಡಿನಲ್ಲಿ ಕೆಲಸಕ್ಕಿದ್ದಾಳೆ ಅಂದುಕೊಳ್ಳಿ. ಅಲ್ಲಿಗೆ ಹೋದ ಮೇಲೆ ಪ್ಯಾರಾಗ್ಲೈಡಿಂಗ್ ಕಲಿತಳು. ರಜೆ ಬಂತೆಂದರೆ ಬೆನ್ನಿಗೆ ದೊಡ್ಡ ಚೀಲ ಏರಿಸಿಕೊಂಡು ಆಲ್ಪ್ಸ್ ಬೆಟ್ಟ ಹತ್ತುತ್ತಾಳೆ. ಹಾರುವುದಕ್ಕೆ ಮುಂಚೆ ಮೈಸೂರಿನಲ್ಲಿರುವ ಅಪ್ಪ ಅಮ್ಮನಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಕಳಿಸುತ್ತಾಳೆ. ಒತ್ತಿದರೆ ನಕ್ಷೆ ತೆರೆದುಕೊಳ್ಳುತ್ತದೆ. ಅದರ ಮೇಲೆ ಒಂದು ಗೆರೆ, ಗೆರೆಯ ಉದ್ದಕ್ಕೂ ಚುಕ್ಕಿಗಳು. ಕೊನೆಯ ಚುಕ್ಕಿ ಎಲ್ಲಿದೆಯೋ ಅಲ್ಲಿ ಮಗಳು.

ಅಲ್ಲಿ ಬೇಸಿಗೆಯ ಮಧ್ಯಾಹ್ನ ಮೂರು ಗಂಟೆ. ಇಲ್ಲಿ ಸಂಜೆ ಆರೂವರೆ, ದೇವರ ಮುಂದೆ ದೀಪ ಹಚ್ಚುವ ಹೊತ್ತು. ಅಮ್ಮ ಫೋನ್ ನೋಡುತ್ತಾರೆ. ಚುಕ್ಕಿ ಒಂದು ಬೆಟ್ಟದ ಪಕ್ಕ ನಿಂತಿದೆ. ಹತ್ತು ನಿಮಿಷ ಬಿಟ್ಟು ನೋಡಿದರೂ ಅಲ್ಲೇ ಇದೆ. ಇಪ್ಪತ್ತು ನಿಮಿಷ ಆಯಿತು. ಹೊಸ ಚುಕ್ಕಿ ಬರಲಿಲ್ಲ.

ಏನಾಗಿರಬಹುದು? ಮಗಳು ಬಿದ್ದಳಾ? ಬ್ಯಾಟರಿ ಮುಗಿಯಿತಾ? ಇಲ್ಲಾ ಸುಮ್ನೆ ಸಿಗ್ನಲ್ ಸಿಗುತ್ತಿಲ್ಲವಾ? ಇದಕ್ಕೆ ಉತ್ತರ ಬೇಕೆಂದರೆ ಆ ಚುಕ್ಕಿ ಆಲ್ಪ್ಸ್‌ನಿಂದ ಮೈಸೂರಿನ ಫೋನಿಗೆ ಯಾವ ದಾರಿಯಲ್ಲಿ ಬಂತು ಅನ್ನುವುದು ಗೊತ್ತಿರಬೇಕು. ಹೊರದೇಶದಲ್ಲಿ ಹಾರುವ ಹವ್ಯಾಸ ಹಿಡಿಸಿಕೊಂಡ ಮಕ್ಕಳು ನಮ್ಮಲ್ಲಿ ಈಗ ಕಡಿಮೆ ಏನಿಲ್ಲ. ಅವರ ಮನೆಯವರು ಇದನ್ನು ಒಮ್ಮೆ ಕೂತು ಅರ್ಥ ಮಾಡಿಕೊಂಡರೆ ಎಷ್ಟೋ ಸುಳ್ಳು ಗಾಬರಿ ತಪ್ಪುತ್ತದೆ. ನಿಜವಾಗಿ ಗಾಬರಿ ಪಡಬೇಕಾದ ದಿನ ಸಮಯವೂ ಉಳಿಯುತ್ತದೆ.

ಎಂಜಿನ್ ಇಲ್ಲ, ಹಾಗಾಗಿ ದಾರಿಯೂ ಗೊತ್ತಿಲ್ಲ

ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಉದ್ದನೆಯ ತೆಳು ರೆಕ್ಕೆ, ಒಬ್ಬರು ಅಥವಾ ಇಬ್ಬರು ಕೂರುವಷ್ಟು ಜಾಗ. ಇನ್ನೊಂದು ವಿಮಾನವೋ ನೆಲದ ಮೇಲಿನ ವಿಂಚ್ ಯಂತ್ರವೋ ಹಗ್ಗ ಕಟ್ಟಿ ಎಳೆದು ಮೇಲಕ್ಕೆ ಬಿಡುತ್ತದೆ. ಪ್ಯಾರಾಗ್ಲೈಡರ್ ಇದರ ಹಗುರ ತಂಗಿ. ಬಟ್ಟೆಯ ರೆಕ್ಕೆ, ದಾರಗಳು, ಕೂರಲು ಒಂದು ಸೀಟು. ಪೈಲಟ್ ಬೆಟ್ಟದ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಓಡಿ ಹಾರುತ್ತಾರೆ.

ಎರಡೂ ಗಾಳಿಯಲ್ಲಿ ನಿಧಾನವಾಗಿ ಕೆಳಕ್ಕೆ ಜಾರುತ್ತಲೇ ಇರುತ್ತವೆ. ಒಳ್ಳೆಯ ಗ್ಲೈಡರ್ ಒಂದು ಕಿಲೋಮೀಟರ್ ಎತ್ತರ ಕಳೆದುಕೊಳ್ಳುವಷ್ಟರಲ್ಲಿ 40 ಕಿಲೋಮೀಟರ್‌ಗೂ ಮುಂದೆ ಹೋಗಿರುತ್ತದೆ. ಪ್ಯಾರಾಗ್ಲೈಡರ್ ಹತ್ತು ಕಿಲೋಮೀಟರ್ ಆಸುಪಾಸು ಹೋಗುತ್ತದೆ. ಮತ್ತೆ ಮೇಲೇರಬೇಕಾದರೆ ಮೇಲಕ್ಕೆ ಏಳುವ ಬಿಸಿಗಾಳಿಯನ್ನು ಹುಡುಕಬೇಕು. ಪೈಲಟ್‌ಗಳು ಇದನ್ನು ಥರ್ಮಲ್ ಅನ್ನುತ್ತಾರೆ. ಬಿಸಿಲು ಹೊತ್ತಿನಲ್ಲಿ ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಾ ಮೇಲೇರುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಅದು ಥರ್ಮಲ್‌ನಲ್ಲಿದೆ. ಗ್ಲೈಡರ್ ಪೈಲಟ್ ಮಾಡುವುದೂ ಅದನ್ನೇ.

ಥರ್ಮಲ್ ಎಲ್ಲಿ ಸಿಗುತ್ತದೆ ಅಂತ ಬೆಳಿಗ್ಗೆ ಯಾರಿಗೂ ಹೇಳಲು ಬರುವುದಿಲ್ಲ. ಪೂರ್ವಕ್ಕೆ ಹೋಗಬೇಕು ಅಂದುಕೊಂಡವರು ಗಾಳಿ ನೋಡಿ ಉತ್ತರಕ್ಕೆ ತಿರುಗುತ್ತಾರೆ. ಎಲ್ಲೂ ಏರುಗಾಳಿ ಸಿಗದಿದ್ದರೆ ಯಾವುದೋ ಊರಿನ ಹೊಲದಲ್ಲಿ ಇಳಿಯುತ್ತಾರೆ. ಅದು ಅಪಘಾತವಲ್ಲ. ಈ ಆಟದಲ್ಲಿ ದಿನನಿತ್ಯ ಆಗುವಂಥದ್ದೇ. ಪ್ರಯಾಣಿಕರ ವಿಮಾನಕ್ಕೆ ಮೊದಲೇ ಬರೆದಿಟ್ಟ ದಾರಿ ಇರುತ್ತದೆ, ರೇಡಾರ್ ಕಣ್ಣು ಇರುತ್ತದೆ. ಗ್ಲೈಡರ್‌ಗೆ ಸಾಮಾನ್ಯವಾಗಿ ಎರಡೂ ಇಲ್ಲ. ಆದ್ದರಿಂದಲೇ ಇವರನ್ನು ಹಿಂಬಾಲಿಸಲು ಬೇರೆಯೇ ಉಪಾಯ ಬೇಕಾಯಿತು.

ಜಿಪಿಎಸ್‌ಗೆ ನೀವು ಯಾರಂತಲೇ ಗೊತ್ತಿಲ್ಲ

'ಜಿಪಿಎಸ್ ಇದೆಯಲ್ಲ, ಉಪಗ್ರಹಕ್ಕೆ ಗೊತ್ತಿರುತ್ತೆ ಬಿಡಿ.' ಈ ಮಾತು ಎಷ್ಟು ಸಲ ಕೇಳಿದ್ದೇನೋ. ಜಾಸ್ತಿ ಜನ ಎಡವುವುದು ಇಲ್ಲೇ. ಉಪಗ್ರಹಕ್ಕೆ ಗೊತ್ತಿರುವುದಿಲ್ಲ.

ಆಕಾಶವಾಣಿಯನ್ನು ನೆನೆಸಿಕೊಳ್ಳಿ. ಬೆಂಗಳೂರು ಕೇಂದ್ರ ಹಾಡು ಬಿತ್ತರಿಸುತ್ತದೆ. ನೀವು ಅಡುಗೆಮನೆಯಲ್ಲಿ ರೇಡಿಯೊ ಹಾಕಿ ಕೇಳುತ್ತೀರಿ. ನೀವು ಕೇಳುತ್ತಿದ್ದೀರಿ ಅಂತ ಕೇಂದ್ರಕ್ಕೆ ಗೊತ್ತಾಗುತ್ತದಾ? ಇಲ್ಲ. ಜಿಪಿಎಸ್ ಕೂಡ ಹಾಗೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು 'ನಾನು ಇಂಥ ಉಪಗ್ರಹ, ನಾನಿರುವ ಜಾಗ ಇದು, ಈಗ ನನ್ನ ಗಡಿಯಾರದಲ್ಲಿ ಇಷ್ಟು ಹೊತ್ತು' ಅಂತ ಹೇಳುತ್ತಲೇ ಇರುತ್ತವೆ. ನಿಮ್ಮ ಕೈಯಲ್ಲಿರುವ ಸಾಧನ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ.

ಕೇಳಿಸಿಕೊಂಡರೆ ಜಾಗ ಹೇಗೆ ಗೊತ್ತಾಗುತ್ತದೆ? ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ನಾವು ಎಣಿಸುತ್ತೇವೆ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕದಲ್ಲಿ ಸಿಡಿಲು ಎಷ್ಟು ದೂರ ಅಂತ ಹೇಳುತ್ತೇವೆ. ಇಲ್ಲಿರುವುದೂ ಅದೇ ಲೆಕ್ಕ. ಉಪಗ್ರಹದ ಸಂಕೇತ ಬೆಳಕಿನ ವೇಗದಲ್ಲಿ ಬಂದರೂ ನೆಲ ಮುಟ್ಟಲು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಆ ತಡವನ್ನು ಅಳೆದರೆ ಉಪಗ್ರಹ ಎಷ್ಟು ದೂರ ಅನ್ನುವುದು ಸಿಗುತ್ತದೆ. ಹೀಗೆ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನಾವಿರುವ ಜಾಗ ಮತ್ತು ಎತ್ತರ ಎರಡೂ ಗೊತ್ತಾಗುತ್ತವೆ.

ಗೊತ್ತಾಗುವುದು ಯಾರಿಗೆ? ಆ ಸಾಧನಕ್ಕೆ ಮಾತ್ರ.

ಒಂದು ನಿಜ ಘಟನೆ ಹೇಳಬೇಕು. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲಾ ಅನ್ನುವ ಊರಿನ ಹತ್ತಿರ ಎವಾ ವಿಷ್ನಿಯೆರ್ಸ್ಕಾ ಅನ್ನುವ ಜರ್ಮನ್ ಪ್ಯಾರಾಗ್ಲೈಡರ್ ಪೈಲಟ್ ಗುಡುಗು ಮೋಡದೊಳಗೆ ಸಿಕ್ಕಿಕೊಂಡರು. ಮೋಡ ಅವರನ್ನು 9,946 ಮೀಟರ್ ಎತ್ತರಕ್ಕೆ ಎಳೆದುಕೊಂಡು ಹೋಯಿತು. ಎವರೆಸ್ಟ್‌ಗಿಂತ ಒಂದು ಕಿಲೋಮೀಟರ್ ಜಾಸ್ತಿ. ಪ್ರಜ್ಞೆ ತಪ್ಪಿತು, ಮೈಮೇಲೆ ಮಂಜುಗಡ್ಡೆ ಕಟ್ಟಿತು. ಆದರೂ ಬದುಕಿ ಇಳಿದರು. ಅದೇ ಮೋಡಕ್ಕೆ ಸಿಕ್ಕ ಚೀನಾದ ಪೈಲಟ್ ಒಬ್ಬರು ಉಳಿಯಲಿಲ್ಲ. ಎವಾ ಅಷ್ಟು ಎತ್ತರ ಹೋಗಿದ್ದರು ಅಂತ ಇವತ್ತು ಹೇಳಲು ಆಗುತ್ತಿರುವುದು ಅವರ ಜೊತೆಗಿದ್ದ ಜಿಪಿಎಸ್ ಉಪಕರಣ ಎಲ್ಲವನ್ನೂ ಬರೆದಿಟ್ಟುಕೊಂಡಿದ್ದರಿಂದ. ಹೀಗೆ ಬರೆದಿಟ್ಟುಕೊಳ್ಳುವ ಸಾಧನಕ್ಕೆ ಲಾಗರ್ ಅನ್ನುತ್ತಾರೆ. ಸ್ಪರ್ಧೆಗಳಲ್ಲಿ ಯಾರು ಎಷ್ಟು ದೂರ ಹಾರಿದರು ಅಂತ ತೀರ್ಮಾನ ಮಾಡುವುದು ಇದರ ದಾಖಲೆ ನೋಡಿಯೇ.

ಲಾಗರ್ ಅಂದರೆ ಡೈರಿ ಇದ್ದ ಹಾಗೆ. ಬರೆದವರು ಮನೆಗೆ ಬಂದ ಮೇಲೆ ಓದಬಹುದು. ಟ್ರ್ಯಾಕರ್ ಅಂದರೆ ದಾರಿಯುದ್ದಕ್ಕೂ ಕಾಗದ ಹಾಕುತ್ತಾ ಹೋಗುವುದು. ಎರಡೂ ನೋಡಲು ಒಂದೇ ಥರದ ಪುಟ್ಟ ಡಬ್ಬಿಗಳು. ಹಾಗಾಗಿ ಮಗ ಅಥವಾ ಮಗಳು 'ನನ್ನತ್ರ ಜಿಪಿಎಸ್ ಇದೆ' ಅಂದರೆ ಅಲ್ಲಿಗೇ ಸಮಾಧಾನ ಪಟ್ಟುಕೊಳ್ಳಬೇಡಿ. ಅದು ಕಳಿಸುತ್ತದಾ ಅಂತ ಕೇಳಿ.

ಕಾಗದ ಹಾಕುವ ಮೂರು ದಾರಿ

ಜಾಗ ಗೊತ್ತಾಯಿತು. ಇನ್ನು ಅದನ್ನು ಮನೆಗೆ ಮುಟ್ಟಿಸಬೇಕು.

ಮೊದಲ ದಾರಿ ಮೊಬೈಲ್ ಟವರ್. ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಸಾಕು, ಜಾಸ್ತಿ ಖರ್ಚಿಲ್ಲ. ಆದರೆ ಟವರ್‌ಗಳನ್ನು ನಿಲ್ಲಿಸಿರುವುದು ನೆಲದ ಮೇಲಿನ ಜನರಿಗಾಗಿ. ಜನ ಇಲ್ಲದ ಕಣಿವೆಯಲ್ಲಿ ಟವರೂ ಇರುವುದಿಲ್ಲ. ಮೇಲೆ ಹಾರುವಾಗ ಸಿಗ್ನಲ್ ಚೆನ್ನಾಗಿ ಸಿಕ್ಕಿ, ಬೆಟ್ಟದ ಹಿಂದೆ ಇಳಿದ ಕೂಡಲೇ ಮಾಯವಾಗಬಹುದು. ಸಹಾಯ ಬೇಕಾಗುವುದು ಸಾಮಾನ್ಯವಾಗಿ ಇಳಿದ ಮೇಲೆಯೇ.

ಎರಡನೆಯದು ಫ್ಲಾರ್ಮ್. ಸ್ವಿಟ್ಜರ್ಲೆಂಡಿನಲ್ಲಿ 2004ರಲ್ಲಿ ಶುರುವಾದದ್ದು. ಒಂದೇ ಥರ್ಮಲ್‌ನಲ್ಲಿ ಹತ್ತಾರು ಗ್ಲೈಡರ್‌ಗಳು ಸುತ್ತುವಾಗ ಒಂದಕ್ಕೊಂದು ಗುದ್ದದಂತೆ ಎಚ್ಚರಿಸುವುದು ಅದರ ಮೂಲ ಕೆಲಸ. ಪ್ರತಿ ಗ್ಲೈಡರ್ ತಾನು ಎಲ್ಲಿದ್ದೇನೆ ಅಂತ ರೇಡಿಯೊದಲ್ಲಿ ಸುತ್ತಲಿನವರಿಗೆ ಹೇಳುತ್ತಿರುತ್ತದೆ. ಆ ಮಾತನ್ನು ನೆಲದ ಮೇಲಿಂದಲೂ ಕೇಳಿಸಿಕೊಳ್ಳಬಹುದಲ್ಲ ಅಂತ ಯುರೋಪಿನ ಹವ್ಯಾಸಿಗಳು ತಮ್ಮ ತಮ್ಮ ಛಾವಣಿ, ಕ್ಲಬ್ ಕಟ್ಟಡಗಳ ಮೇಲೆ ಆಂಟೆನಾ ನೆಟ್ಟರು. ಅದೇ ಬೆಳೆದು ಓಪನ್ ಗ್ಲೈಡರ್ ನೆಟ್‌ವರ್ಕ್ ಆಯಿತು. ಯಾರ ಅಪ್ಪಣೆಗೂ ಕಾಯದೆ ಜನ ತಾವೇ ಕಟ್ಟಿಕೊಂಡ ಈ ಜಾಲ ನನಗೆ ತುಂಬಾ ಹಿಡಿಸಿದೆ. ಆದರೆ ಇದಕ್ಕೂ ನೇರ ದೃಷ್ಟಿ ಬೇಕು. ಬೆಟ್ಟ ಅಡ್ಡ ಬಂದರೆ ಕಿವುಡು.

ಮೂರನೆಯದು ಉಪಗ್ರಹ. ಆಕಾಶ ಕಾಣುವ ಕಡೆಯೆಲ್ಲ ನಡೆಯುತ್ತದೆ.

ಇಲ್ಲಿ ಕೆಲಸ ಮಾಡುವ ಉಪಗ್ರಹಗಳೇ ಬೇರೆ, ಜಿಪಿಎಸ್ ಉಪಗ್ರಹಗಳಲ್ಲ. ಮನೆಯ ಮೇಲಿನ ಡಿಟಿಎಚ್ ತಟ್ಟೆಯನ್ನೇ ನೋಡಿ. ಅದು 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹದ ಕಡೆಗೆ ಮುಖ ಮಾಡಿರುತ್ತದೆ. ಗಾಳಿಗೆ ಒಂಚೂರು ತಿರುಗಿದರೂ ಟಿವಿ ನಿಂತುಹೋಗುತ್ತದೆ. ಥರ್ಮಲ್‌ನಲ್ಲಿ ಗಿರಗಿರ ಸುತ್ತುತ್ತಿರುವ ಪೈಲಟ್ ಒಂದೇ ದಿಕ್ಕಿಗೆ ತಟ್ಟೆ ಹಿಡಿದು ಕೂರಲು ಆಗುತ್ತದಾ? ಅದಕ್ಕೇ ಭೂಮಿಗೆ ಹತ್ತಿರ ಸುತ್ತುವ ಉಪಗ್ರಹಗಳು ಬೇಕು. ಹತ್ತಿರ ಇದ್ದರೆ ಬೆರಳುದ್ದದ ಆಂಟೆನಾ, ಸಣ್ಣ ಬ್ಯಾಟರಿ ಸಾಕಾಗುತ್ತವೆ.

ಪೈಲಟ್‌ಗಳು ಬಳಸುವುದು ಮುಖ್ಯವಾಗಿ ಎರಡು ಜಾಲಗಳನ್ನು. ಇರಿಡಿಯಮ್ ಜಾಲದಲ್ಲಿ 66 ಉಪಗ್ರಹಗಳಿವೆ. ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ, ಧ್ರುವದಿಂದ ಧ್ರುವಕ್ಕೆ, ನೂರು ನಿಮಿಷಕ್ಕೊಂದು ಸುತ್ತು. ಮನೆ ಕಟ್ಟುವ ಕಡೆ ಕೂಲಿಯವರು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ, ಈ ಉಪಗ್ರಹಗಳು ಸಂದೇಶವನ್ನು ಹಾಗೆ ಒಂದರಿಂದ ಒಂದಕ್ಕೆ ದಾಟಿಸಿ ಕೊನೆಗೆ ನೆಲಕ್ಕೆ ಇಳಿಸುತ್ತವೆ. ಸಮುದ್ರದ ನಡುವೆ ಇದ್ದರೂ, ಧ್ರುವದಲ್ಲಿದ್ದರೂ ನಡೆಯುತ್ತದೆ.

ಗ್ಲೋಬಲ್‌ಸ್ಟಾರ್ ಜಾಲದ ಉಪಗ್ರಹಗಳು ಸುಮಾರು 1,400 ಕಿಲೋಮೀಟರ್ ಎತ್ತರದಲ್ಲಿವೆ. ಅವು ಒಂದಕ್ಕೊಂದು ಮಾತಾಡುವುದಿಲ್ಲ. ಕನ್ನಡಿ ಹಿಡಿದು ಬೆಳಕನ್ನು ತಿರುಗಿಸುವ ಹಾಗೆ ಬಂದದ್ದನ್ನು ನೇರ ಕೆಳಗಿನ ಭೂಕೇಂದ್ರಕ್ಕೆ ಕೊಡುತ್ತವೆ. ಅಂದರೆ ಒಂದೇ ಉಪಗ್ರಹಕ್ಕೆ ಏಕಕಾಲದಲ್ಲಿ ಪೈಲಟ್ಟೂ ಕಾಣಬೇಕು, ಭೂಕೇಂದ್ರವೂ ಕಾಣಬೇಕು. ಭೂಕೇಂದ್ರ ತುಂಬಾ ದೂರ ಇರುವ ಪ್ರದೇಶಗಳಲ್ಲಿ ಚುಕ್ಕಿಗಳು ತಪ್ಪಿಹೋಗುವುದಕ್ಕೆ ಇದೇ ಕಾರಣ.

2007ರಲ್ಲಿ ಗ್ಲೋಬಲ್‌ಸ್ಟಾರ್ ಬಳಸುವ ಸ್ಪಾಟ್ ಅನ್ನುವ ಪುಟ್ಟ ಟ್ರ್ಯಾಕರ್ ಬಂತು. ಸಾಮಾನ್ಯ ಪೈಲಟ್‌ಗಳ ಕೈಗೆಟುಕಿದ ಮೊದಲ ಉಪಗ್ರಹ ಸಾಧನಗಳಲ್ಲಿ ಅದೂ ಒಂದು. ಅದು ಹೇಳುತ್ತಿತ್ತು, ಆದರೆ ಉತ್ತರ ಕೇಳಿಸಿಕೊಳ್ಳುತ್ತಿರಲಿಲ್ಲ. ಸಂದೇಶ ಮುಟ್ಟಿತೋ ಇಲ್ಲವೋ ಅನ್ನುವುದು ಪೈಲಟ್‌ಗೆ ತಿಳಿಯುತ್ತಿರಲಿಲ್ಲ. 2011ರಲ್ಲಿ ಇರಿಡಿಯಮ್ ಬಳಸುವ ಇನ್‌ರೀಚ್ ಬಂದ ಮೇಲೆ ಎರಡೂ ಕಡೆಯ ಮಾತು ಸಾಧ್ಯವಾಯಿತು. ಮನೆಯಿಂದ 'ಎಲ್ಲಿದ್ದೀಯ?' ಅಂದರೆ ಬೆಟ್ಟದ ತುದಿಯಿಂದ 'ಚೆನ್ನಾಗಿದ್ದೀನಿ' ಅಂತ ಉತ್ತರ ಬರುತ್ತದೆ.

ಉಪಗ್ರಹಕ್ಕೆ ಕಾಣಿಸಲಿಲ್ಲವೇ?

2007ರ ಸೆಪ್ಟೆಂಬರ್ 3ರಂದು ಅಮೆರಿಕದ ಸ್ಟೀವ್ ಫಾಸೆಟ್ ನೆವಾಡಾದ ಒಂದು ರ್‍ಯಾಂಚ್‌ನಿಂದ ಸಣ್ಣ ವಿಮಾನದಲ್ಲಿ ಒಬ್ಬರೇ ಹೊರಟರು. ಅಂದು ಹಾರಿಸಿದ್ದು ಎಂಜಿನ್ ಇರುವ ವಿಮಾನ. ಆದರೆ ಗ್ಲೈಡರ್ ಲೋಕದಲ್ಲಿ ಅವರ ಹೆಸರು ದೊಡ್ಡದು. ಹಿಂದಿನ ವರ್ಷವಷ್ಟೇ ಐನಾರ್ ಎನೆವೋಲ್ಡ್‌ಸನ್ ಜೊತೆ ಅರ್ಜೆಂಟೀನಾದ ಆಂಡಿಸ್ ಪರ್ವತದ ಮೇಲೆ ಗ್ಲೈಡರ್‌ನಲ್ಲಿ 15 ಕಿಲೋಮೀಟರ್‌ಗೂ ಜಾಸ್ತಿ ಎತ್ತರ ಏರಿ ದಾಖಲೆ ಮಾಡಿದ್ದರು. ಬಲೂನಿನಲ್ಲಿ ಒಬ್ಬರೇ ಭೂಮಿ ಸುತ್ತಿದ ಮೊದಲಿಗರೂ ಅವರೇ.

ಫಾಸೆಟ್ ವಾಪಸು ಬರಲಿಲ್ಲ. ಎಲ್ಲಿಗೆ ಹೋಗುತ್ತೇನೆ ಅಂತ ಬರೆದಿಟ್ಟಿರಲಿಲ್ಲ. ವಿಮಾನದಿಂದ ಯಾವ ಸಂಕೇತವೂ ಬರಲಿಲ್ಲ. ಹುಡುಕಾಟ ಸುಮಾರು 50,000 ಚದರ ಕಿಲೋಮೀಟರ್‌ಗೆ ಹರಡಿತು. ಹೊಸ ಉಪಗ್ರಹ ಚಿತ್ರಗಳನ್ನು ತೆಗೆದು ಇಂಟರ್ನೆಟ್‌ಗೆ ಹಾಕಿದರು. ಸಾವಿರಾರು ಸ್ವಯಂಸೇವಕರು ಮನೆಯಲ್ಲಿ ಕೂತು ಚಿತ್ರಗಳನ್ನು ಚೂರು ಚೂರಾಗಿ ಹುಡುಕಿದರು. ಹುಡುಕುತ್ತಾ ಹೋದವರಿಗೆ ಎಂದೋ ಬಿದ್ದು ಮರೆತುಹೋಗಿದ್ದ ಬೇರೆ ವಿಮಾನಗಳ ಅವಶೇಷ ಸಿಕ್ಕಿತು. ಫಾಸೆಟ್ ಮಾತ್ರ ಸಿಗಲಿಲ್ಲ. ಒಂದು ವರ್ಷ ಕಳೆದ ಮೇಲೆ, ಕ್ಯಾಲಿಫೋರ್ನಿಯಾದ ಮ್ಯಾಮತ್ ಲೇಕ್ಸ್ ಹತ್ತಿರದ ಬೆಟ್ಟದಲ್ಲಿ ಚಾರಣಕ್ಕೆ ಹೋದವರೊಬ್ಬರ ಕಣ್ಣಿಗೆ ಅವರ ಗುರುತಿನ ಚೀಟಿ ಬಿತ್ತು. ವಿಮಾನದ ಚೂರುಗಳು ಅಲ್ಲೇ ಸುತ್ತಮುತ್ತ ಇದ್ದವು.

ಫೋಟೊ ತೆಗೆಯುವ ಉಪಗ್ರಹ ಹುಲ್ಲಿನ ಬಣವೆಯನ್ನು ತೋರಿಸುತ್ತದೆ. ಸೂಜಿಯನ್ನು ನಾವೇ ಹುಡುಕಿಕೊಳ್ಳಬೇಕು. ಟ್ರ್ಯಾಕರ್ ಇದ್ದರೆ ಸೂಜಿ ತಾನೇ ಕೂಗುತ್ತದೆ.

ಹತ್ತು ನಿಮಿಷದಲ್ಲಿ ಒಂದು ಬೆಂಗಳೂರು

ಟ್ರ್ಯಾಕರ್ ಎಡೆಬಿಡದೆ ಕೂಗುವುದಿಲ್ಲ. ಪ್ರತಿ ಸಂದೇಶಕ್ಕೂ ಬ್ಯಾಟರಿ ಬೇಕು, ದುಡ್ಡೂ ಬೇಕು. ಹತ್ತು ನಿಮಿಷಕ್ಕೊಮ್ಮೆ ಕಳಿಸುವಂತೆ ಇಟ್ಟುಕೊಳ್ಳುವವರು ಬಹಳ ಜನ. ಕೇಳಲು ಸಾಕು ಅನಿಸುತ್ತದೆ. ಲೆಕ್ಕ ಹಾಕಿ ನೋಡಿ.

ಗ್ಲೈಡರ್ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಹತ್ತು ನಿಮಿಷಕ್ಕೆ ಹದಿನಾರೂವರೆ ಕಿಲೋಮೀಟರ್‌ಗೂ ತುಸು ಜಾಸ್ತಿ ದಾಟುತ್ತದೆ. ಕೊನೆಯ ಚುಕ್ಕಿಯಾದ ಮೇಲೆ ಯಾವ ದಿಕ್ಕಿಗಾದರೂ ತಿರುಗಿರಬಹುದು. ಆ ಚುಕ್ಕಿಯ ಸುತ್ತ ಅಷ್ಟು ದೂರಕ್ಕೆ ವೃತ್ತ ಎಳೆದರೆ ಒಳಗೆ ಬರುವ ಜಾಗ ಸುಮಾರು 870 ಚದರ ಕಿಲೋಮೀಟರ್. ಇಡೀ ಬಿಬಿಎಂಪಿ ವ್ಯಾಪ್ತಿ ಸುಮಾರು 740 ಇತ್ತು. ಒಂದು ಬೆಂಗಳೂರನ್ನೂ ಮೀರಿದ ಜಾಗವನ್ನು, ಅದೂ ಬೆಟ್ಟ ಕಾಡುಗಳಲ್ಲಿ, ಜಾಲಾಡಬೇಕು.

ಅದೇ ನಿಮಿಷಕ್ಕೊಂದು ಚುಕ್ಕಿ ಬರುತ್ತಿದ್ದರೆ? ದೂರ ಹತ್ತನೇ ಒಂದು ಭಾಗ. ಜಾಗ ನೂರನೇ ಒಂದು ಭಾಗ, ಒಂಬತ್ತು ಚದರ ಕಿಲೋಮೀಟರ್‌ಗೂ ಕಡಿಮೆ. ದೂರ ಎರಡು ಪಟ್ಟಾದರೆ ಹುಡುಕುವ ಜಾಗ ನಾಲ್ಕು ಪಟ್ಟಾಗುತ್ತದೆ ಅನ್ನುವ ಶಾಲೆಯ ಗಣಿತವೇ ಇಲ್ಲಿ ಕೆಲಸ ಮಾಡುತ್ತಿದೆ. ಪ್ಯಾರಾಗ್ಲೈಡರ್ ನಿಧಾನ. ಗಂಟೆಗೆ 36 ಕಿಲೋಮೀಟರ್ ಅಂದರೂ ಹತ್ತು ನಿಮಿಷಕ್ಕೆ ಆರು ಕಿಲೋಮೀಟರ್, ಅಂದರೆ 113 ಚದರ ಕಿಲೋಮೀಟರ್. ಎರಡು ನಿಮಿಷಕ್ಕೊಮ್ಮೆ ಆದರೆ ಬರೀ ನಾಲ್ಕೂವರೆ. ಚಂದಾ ಹಣ ಸ್ವಲ್ಪ ಜಾಸ್ತಿಯಾದರೂ ಚುಕ್ಕಿಗಳ ನಡುವಿನ ಹೊತ್ತು ಕಡಿಮೆ ಮಾಡಿಕೊಳ್ಳಿ ಅಂತ ನಾನು ಹೇಳುವುದು ಈ ಲೆಕ್ಕ ನೋಡಿಯೇ.

2014ರ ಮಾರ್ಚ್ 8ರಂದು ಕಣ್ಮರೆಯಾದ ಮಲೇಷ್ಯಾದ ಎಂಎಚ್370 ವಿಮಾನ ನೆನಪಿದೆಯಲ್ಲ? ಅದರ ಕೊನೆಯ ಸುಳಿವು ಸಿಕ್ಕಿದ್ದು ಹೆಚ್ಚುಕಡಿಮೆ ಗಂಟೆಗೊಮ್ಮೆ ಉಪಗ್ರಹದ ಜೊತೆ ಆಗುತ್ತಿದ್ದ ಸಣ್ಣ ಸಂಪರ್ಕದಿಂದ. ಅದರಲ್ಲಿ ಜಾಗದ ವಿವರವೇ ಇರಲಿಲ್ಲ. ಆ ದುರಂತದ ಬಳಿಕ ಪ್ರಯಾಣಿಕರ ವಿಮಾನಗಳು ಸಾಗರದ ಮೇಲೂ 15 ನಿಮಿಷಕ್ಕೊಮ್ಮೆಯಾದರೂ ಎಲ್ಲಿವೆ ಅಂತ ತಿಳಿಸುವಂತೆ ಅಂತರರಾಷ್ಟ್ರೀಯ ನಿಯಮ ಬಂತು.

ಸ್ಪರ್ಧೆಗಳಲ್ಲಿ ಇದೇ ಚುಕ್ಕಿಗೆ ಇನ್ನೊಂದು ಮುಖವಿದೆ. ಎದುರಾಳಿ ಎಲ್ಲಿ ಮೇಲೇರುತ್ತಿದ್ದಾನೆ ಅಂತ ಕಂಡರೆ ಥರ್ಮಲ್ ಎಲ್ಲಿದೆ ಅಂತ ಪುಕ್ಕಟೆ ಗೊತ್ತಾಗುತ್ತದೆ. ಅದಕ್ಕೇ ದೊಡ್ಡ ಗ್ಲೈಡಿಂಗ್ ಸ್ಪರ್ಧೆಗಳಲ್ಲಿ ನೋಡುಗರಿಗೆ ಚುಕ್ಕಿಗಳನ್ನು ಬೇಕೆಂದೇ ತಡಮಾಡಿ ತೋರಿಸುತ್ತಾರೆ. 2020ರ ಜನವರಿಯಲ್ಲಿ ಆಸ್ಟ್ರೇಲಿಯಾದ ಲೇಕ್ ಕೀಪಿಟ್‌ನಲ್ಲಿ ನಡೆದ ಮಹಿಳೆಯರ ವಿಶ್ವ ಸ್ಪರ್ಧೆಯಲ್ಲಿ ಆತಿಥೇಯ ತಂಡ ತಡವಿಲ್ಲದ ಮಾಹಿತಿಯನ್ನು ಬಳಸಿಕೊಂಡಿದ್ದಕ್ಕೆ ಅಂಕ ಕಳೆದುಕೊಂಡಿತು.

ಚುಕ್ಕಿ ಏಕೆ ನಿಲ್ಲುತ್ತದೆ

ಮೈಸೂರಿನ ಅಮ್ಮನ ಫೋನಿಗೆ ವಾಪಸು ಬರೋಣ. ಮೊದಲು ಎರಡು ಸ್ಥಿತಿಗಳನ್ನು ಬೇರೆ ಮಾಡಬೇಕು. ಹೊಸ ಚುಕ್ಕಿಗಳು ಬರುತ್ತಿವೆ, ಆದರೆ ಒಂದೇ ಜಾಗದಲ್ಲಿ ಬರುತ್ತಿವೆ. ಇದು ಒಂದು. ಹೊಸ ಚುಕ್ಕಿಯೇ ಬರುತ್ತಿಲ್ಲ. ಇದು ಇನ್ನೊಂದು. ದೂರದಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕೊನೆಯ ಚುಕ್ಕಿಯನ್ನು ಒತ್ತಿ, ಅದರ ಸಮಯ ನೋಡಿ.

ಹೊಸ ಚುಕ್ಕಿ ಬಾರದಿರಲು ಕಾರಣ ಹಲವು. ಸಾಧನಕ್ಕೆ ಆಕಾಶ ಕಾಣಬೇಕು. ಕಡಿದಾದ ಕಣಿವೆಯಲ್ಲಿ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಆ ಪಟ್ಟಿಯೊಳಗೆ ಉಪಗ್ರಹ ಹಾದುಹೋಗುವವರೆಗೆ ಕಾಯಬೇಕು. ದಟ್ಟ ಮರಗಳ ಕೆಳಗೂ ಇದೇ ಕಷ್ಟ. ಈಗಿನ ಎಷ್ಟೋ ಗ್ಲೈಡರ್‌ಗಳ ಮೈ ಕಾರ್ಬನ್ ನಾರಿನದು. ಕಾರ್ಬನ್ ವಿದ್ಯುತ್ ಹರಿಸುವ ವಸ್ತುವಾದ್ದರಿಂದ ರೇಡಿಯೊ ಅಲೆಗಳನ್ನು ತಡೆಯುತ್ತದೆ. ಸ್ಟೀಲ್ ಡಬ್ಬಿಯೊಳಗೆ ಫೋನ್ ಇಟ್ಟ ಹಾಗೆ. ಅದಕ್ಕೇ ಸಾಧನವನ್ನು ಪಾರದರ್ಶಕ ಮುಚ್ಚಳದ ಕೆಳಗೆ ಇಡುತ್ತಾರೆ.

ಪ್ಯಾರಾಗ್ಲೈಡರ್ ಪೈಲಟ್‌ಗಳು ಸಾಮಾನ್ಯವಾಗಿ ಭುಜದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅಂಗೈಗಿಂತ ಚಿಕ್ಕ, ನೂರು ಗ್ರಾಂ ಆಸುಪಾಸಿನ ಡಬ್ಬಿ. ಮೇಲೆ ಮೋಟು ಆಂಟೆನಾ, ಪಕ್ಕದಲ್ಲಿ ಮುಚ್ಚಳದ ಕೆಳಗೆ ಎಸ್‌ಒಎಸ್, ಅಂದರೆ ತುರ್ತು ಸಹಾಯ ಕೇಳುವ ಗುಂಡಿ. ಇದನ್ನು ಚೀಲದೊಳಗೆ ಹಾಕಿಕೊಂಡು ಹಾರಿದರೆ, ಬಿದ್ದಾಗ ಮೈ ಅದರ ಮೇಲೆಯೇ ಒರಗಬಹುದು. ನಮ್ಮ ಮೈಯಲ್ಲಿ ಜಾಸ್ತಿ ಇರುವುದು ನೀರು. ನೀರು ಸಂಕೇತವನ್ನು ನುಂಗಿಬಿಡುತ್ತದೆ. ಕೈ ಮುರಿದಿದ್ದರೂ ಎಟುಕುವ ಜಾಗದಲ್ಲಿ ಇರಬೇಕು ಅಂತ ಅನುಭವಿಗಳು ಹೇಳುವುದು ಇನ್ನೊಂದು ಕಾರಣಕ್ಕೆ. ಒಂದು ಕೈಯಲ್ಲಿ ಮುಚ್ಚಳ ತೆಗೆದು ಗುಂಡಿ ಒತ್ತಲು ಬರುತ್ತದಾ ಅಂತ ನೆಲದ ಮೇಲೆಯೇ ಪರೀಕ್ಷೆ ಮಾಡಿಕೊಳ್ಳಬೇಕು.

ಎಸ್‌ಒಎಸ್ ಒತ್ತಿದರೆ ಯಾರಿಗೆ ಕೇಳುತ್ತದೆ?

ಟ್ರ್ಯಾಕರ್‌ನ ಎಸ್‌ಒಎಸ್ ಗುಂಡಿ ಒತ್ತಿದರೆ ಸಂದೇಶ ಮನೆಯವರಿಗಷ್ಟೇ ಹೋಗುವುದಿಲ್ಲ. ಹಗಲೂ ರಾತ್ರಿ ನಡೆಯುವ ಖಾಸಗಿ ತುರ್ತು ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಯವರು ಪೈಲಟ್ ಇರುವ ದೇಶದ ರಕ್ಷಣಾ ತಂಡವನ್ನು ಸಂಪರ್ಕಿಸುತ್ತಾರೆ. ಕೊಟ್ಟಿರುವ ಮನೆಯ ನಂಬರಿಗೂ ಕರೆ ಮಾಡುತ್ತಾರೆ. ಆ ನಂಬರು ಸರಿಯಿರಬೇಕು, ಮತ್ತು ವಿದೇಶದ ಕರೆ ಅಂತ ಕತ್ತರಿಸದೆ ಎತ್ತುವವರದಾಗಿರಬೇಕು.

ಇದಲ್ಲದೆ ಅಪಾಯದ ಕೂಗನ್ನು ಉಪಗ್ರಹಗಳ ಮೂಲಕ ಹಿಡಿಯುವ, ಸರ್ಕಾರಗಳೇ ನಡೆಸುವ ಇನ್ನೊಂದು ವ್ಯವಸ್ಥೆ ಇದೆ. ಹೆಸರು ಕಾಸ್ಪಾಸ್–ಸಾರ್ಸ್ಯಾಟ್. ಶೀತಲ ಸಮರದ ನಡುವೆಯೂ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಕೂಡಿ ಕಟ್ಟಿದ್ದು ಇದು. ಜಗಳದ ಕಾಲದಲ್ಲೂ ಜೀವ ಉಳಿಸುವ ಒಂದು ಕೆಲಸವನ್ನು ಒಟ್ಟಿಗೆ ಮಾಡಿದರಲ್ಲ ಅನ್ನುವುದು ನನಗೆ ಈಗಲೂ ಸಂತೋಷ ಕೊಡುವ ಸಂಗತಿ. 1982ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಬಿದ್ದ ಸಣ್ಣ ವಿಮಾನದ ಮೂವರನ್ನು ಇದು ಮೊದಲ ಬಾರಿಗೆ ಉಳಿಸಿತು.

ಇದಕ್ಕೆ ಬೇಕಾದ ಸಾಧನದ ಹೆಸರು ಬೀಕನ್. ವಿಮಾನಕ್ಕೆ ಜೋಡಿಸುವ ಬೀಕನ್ ಹೊಡೆತ ಬಿದ್ದಾಗ ತಾನೇ ಚಾಲೂ ಆಗುತ್ತದೆ. ಜೇಬಿನಲ್ಲಿ ಇಟ್ಟುಕೊಳ್ಳುವುದನ್ನು ಕೈಯಿಂದ ಚಾಲೂ ಮಾಡಬೇಕು. ಎರಡೂ 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ ಕೂಗುತ್ತವೆ. ತಿಂಗಳ ಚಂದಾ ಇಲ್ಲ. ಆದರೆ ಅಪಾಯ ಬಂದಾಗ ಮಾತ್ರ ಬಾಯಿ ಬಿಡುತ್ತವೆ. ಟ್ರ್ಯಾಕರ್‌ನ ಹಾಗೆ ಇವು ಮೊದಲಿನಿಂದ ಚುಕ್ಕಿ ಇಡುವುದಿಲ್ಲ. ಹೊಡೆತಕ್ಕೆ ಬೀಕನ್ನೇ ಒಡೆದುಹೋದರೆ, ಆಂಟೆನಾ ಕಿತ್ತುಹೋದರೆ ಏನೂ ಕೇಳಿಸುವುದಿಲ್ಲ. ಟ್ರ್ಯಾಕರ್ ಬೆಲೆ ಗೊತ್ತಾಗುವುದು ಅಂಥ ಹೊತ್ತಿನಲ್ಲಿ. ಅದು ಒಡೆದುಹೋದರೂ ಆಗಲೇ ಕಳಿಸಿದ ಚುಕ್ಕಿಗಳು ಉಳಿದಿರುತ್ತವೆ.

ಈ ಜಾಲದ ಭಾರತೀಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ಆವರಣದಿಂದ ಅದು ಕೆಲಸ ಮಾಡುತ್ತದೆ. ಸಂಕೇತ ಹಿಡಿಯುವ ಭೂಕೇಂದ್ರಗಳು ಬೆಂಗಳೂರು ಮತ್ತು ಲಖನೌದಲ್ಲಿವೆ. ಭಾರತ ಮಾತ್ರ ಅಲ್ಲ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್‌ನಂಥ ನೆರೆಯ ದೇಶಗಳಿಗೂ ಇಲ್ಲಿಂದಲೇ ಸೇವೆ. ಸಮುದ್ರದಲ್ಲಾದರೆ ಕರಾವಳಿ ಕಾವಲು ಪಡೆಗೆ, ವಿಮಾನವಾದರೆ ವಿಮಾನ ನಿಲ್ದಾಣ ಪ್ರಾಧಿಕಾರದ ರಕ್ಷಣಾ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಪೀಣ್ಯ ಅಂದರೆ ಕಾರ್ಖಾನೆ, ಟ್ರಾಫಿಕ್ ಅಂತಷ್ಟೇ ನೆನಪಿಸಿಕೊಳ್ಳುವ ನಮಗೆ ಇದು ಗೊತ್ತಿರಬೇಕು.

ಭಾರತದಲ್ಲಿ ಹಾರುವವರು ಗಮನಿಸಬೇಕಾದ್ದು

ಹಿಮಾಚಲದ ಕಾಂಗ್ರಾ ಜಿಲ್ಲೆಯ ಬೀರ್–ಬಿಲ್ಲಿಂಗ್ ಪ್ಯಾರಾಗ್ಲೈಡಿಂಗ್‌ಗೆ ಹೆಸರುವಾಸಿ. 2015ರಲ್ಲಿ ವಿಶ್ವಕಪ್ ಸ್ಪರ್ಧೆ ಅಲ್ಲಿ ನಡೆದಿತ್ತು. ಸುಮಾರು 2,400 ಮೀಟರ್ ಎತ್ತರದ ಬಿಲ್ಲಿಂಗ್‌ನಿಂದ ಹಾರಿ ಧೌಲಾಧಾರ್ ಬೆಟ್ಟಸಾಲಿನ ಗುಂಟ ಹೋಗುತ್ತಾರೆ. ಬೆಟ್ಟದ ಹಿಂಬದಿಗೆ ಹೋದರೆ ಮೊಬೈಲ್ ಸಿಗುವುದು ಕಷ್ಟ. ಉಪಗ್ರಹ ಟ್ರ್ಯಾಕರ್ ಬೇಕೇಬೇಕು ಅನಿಸುವ ಜಾಗ.

ಆದರೆ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇರಿಡಿಯಮ್, ತುರಾಯಾ ಥರದ ಉಪಗ್ರಹ ಸಂಪರ್ಕ ಸಾಧನಗಳನ್ನು ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ, ಬಳಸುವಂತಿಲ್ಲ. 2008ರ ಮುಂಬೈ ದಾಳಿಕೋರರು ಉಪಗ್ರಹ ಫೋನ್ ಬಳಸಿದ ಬಳಿಕ ಈ ವಿಷಯದಲ್ಲಿ ಬಿಗಿ ಜಾಸ್ತಿಯಾಯಿತು. ಚಾರಣಕ್ಕೋ ಹಾರಾಟಕ್ಕೋ ಅಂತ ಬಂದ ವಿದೇಶಿಯರನ್ನು ಇಂಥ ಸಾಧನಕ್ಕಾಗಿ ವಿಮಾನ ನಿಲ್ದಾಣಗಳಲ್ಲಿ ತಡೆದು ನಿಲ್ಲಿಸಿದ ಪ್ರಕರಣಗಳೂ ಆಗಿವೆ. ಹೊರದೇಶದಿಂದ ರಜೆಗೆ ಊರಿಗೆ ಬರುವ ಮಕ್ಕಳು ಚೀಲದಲ್ಲಿ ಇದನ್ನು ಮರೆತು ತರಬಾರದು ಅಂತ ಮೊದಲೇ ಹೇಳಿಬಿಡಿ. ಇಲ್ಲಿ ಹಾರುವವರು ಮೊಬೈಲ್ ಆ್ಯಪ್, ರೇಡಿಯೊ, ಜೊತೆಗಾರರ ಕಣ್ಣು ಇವುಗಳನ್ನೇ ನೆಚ್ಚಿಕೊಂಡಿದ್ದಾರೆ. ಆದ್ದರಿಂದ ಬೀರ್‌ನಿಂದ ಬಂದ ಲಿಂಕ್‌ನಲ್ಲಿ ಚುಕ್ಕಿ ನಿಂತರೆ ಮೊದಲ ಅನುಮಾನ ಮೊಬೈಲ್ ಸಿಗ್ನಲ್ ಮೇಲೆ ಇರಲಿ.

ನೋಡುವವರು ಯಾರು?

ಇಷ್ಟೆಲ್ಲ ಉಪಗ್ರಹಗಳು ಸೇರಿ ಚುಕ್ಕಿಯನ್ನು ಪರದೆಯವರೆಗೆ ತರುತ್ತವೆ. ಅದನ್ನು ನೋಡಿ ಫೋನ್ ಎತ್ತಿಕೊಳ್ಳಬೇಕಾದವರು ಮನುಷ್ಯರೇ. ಎಸ್‌ಒಎಸ್ ಒತ್ತದ ಹೊರತು ಬರೀ ಚುಕ್ಕಿ ನಿಂತಿದ್ದಕ್ಕೆ ಸಾಮಾನ್ಯವಾಗಿ ಯಾವ ಕೇಂದ್ರವೂ ಹೆಲಿಕಾಪ್ಟರ್ ಕಳಿಸುವುದಿಲ್ಲ. ಪ್ರಜ್ಞೆ ತಪ್ಪಿದವರು ಗುಂಡಿ ಒತ್ತಲಾರರು. ಅಂಥ ಹೊತ್ತಿಗೆ ಅವರ ಪರವಾಗಿ ಯೋಚಿಸಬೇಕಾದವರು ಲಿಂಕ್ ಇಟ್ಟುಕೊಂಡವರು.

ಹಾಗಾಗಿ ಹಾರುವ ಮುಂಚೆಯೇ ಮಾತಾಡಿಕೊಂಡಿರಬೇಕು. ಎಷ್ಟು ಹೊತ್ತಿಗೆ ಇಳಿಯುತ್ತಾಳೆ, ಇಳಿದ ಮೇಲೆ ಏನು ಸಂದೇಶ ಕಳಿಸುತ್ತಾಳೆ, ಅದು ಬಾರದಿದ್ದರೆ ಎಷ್ಟು ಹೊತ್ತು ಕಾಯುವುದು, ಆಮೇಲೆ ಮೊದಲು ಯಾರಿಗೆ ಫೋನ್ ಮಾಡುವುದು. ಅವಳ ಹಾರಾಟದ ಗೆಳೆಯರ ನಂಬರು, ಆ ದೇಶದ ತುರ್ತು ನಂಬರು, ಅವಳ ರೆಕ್ಕೆಯ ಬಣ್ಣ. ಹೆಲಿಕಾಪ್ಟರ್‌ನಿಂದ ನೋಡುವವರಿಗೆ ಬಣ್ಣ ಬೇಕು. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದರೆ ಸಾಕು.

ಮೈಸೂರಿನ ಮನೆಯಲ್ಲಿ ಅಂಥದ್ದೊಂದು ಹಾಳೆ ಇದೆ ಅಂದುಕೊಳ್ಳೋಣ. ಇಳಿದು ಒಂದು ಗಂಟೆಯೊಳಗೆ ಸಂದೇಶ ಅಂತ ಅದರಲ್ಲಿ ಬರೆದಿದೆ. ಇನ್ನೂ ಹೊತ್ತಿದೆ. ಅಪ್ಪ ಹಾಳೆ ನೋಡಿಕೊಂಡು ಗೆಳತಿಯ ನಂಬರು ತೆಗೆದಿಟ್ಟುಕೊಳ್ಳುತ್ತಾರೆ. ಇಪ್ಪತ್ತೆಂಟನೇ ನಿಮಿಷಕ್ಕೆ ಬೆಟ್ಟದ ಬುಡದಲ್ಲಿ ಒಂದು ಚುಕ್ಕಿ ಮೂಡುತ್ತದೆ. ಆಮೇಲೆ ಅದರ ಮೇಲೆಯೇ ಇನ್ನೆರಡು, ಒಂದಕ್ಕೊಂದು ಅಂಟಿಕೊಂಡಂತೆ. ನಕ್ಷೆಯನ್ನು ಹಿಗ್ಗಿಸಿ ನೋಡಿದರೆ ಅದು ಹುಲ್ಲುಗಾವಲು, ಪಕ್ಕದಲ್ಲೇ ರಸ್ತೆ. ರೆಕ್ಕೆ ಮಡಚಿ ಚೀಲಕ್ಕೆ ತುಂಬಲು ಅಷ್ಟು ಹೊತ್ತು ಬೇಕಾಗುತ್ತದೆ. ಸ್ವಲ್ಪ ಹೊತ್ತಿಗೆ ಚುಕ್ಕಿಗಳು ಮತ್ತೆ ಹೊರಟವು. ಈ ಸಲ ರಸ್ತೆ ತಿರುಗಿದ ಕಡೆಯೆಲ್ಲ ಅವೂ ತಿರುಗುತ್ತಿವೆ. ಮಗಳು ಬಸ್ಸಿನಲ್ಲಿದ್ದಾಳೆ.